ಅಡ್ರೆಸ್ ಲೈನ್ ಒಂದರಲ್ಲಿ ಹೆಬ್ಬೂರು

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವೆಬ್ ಲ್ಯಾಬುಗಳಲ್ಲಿ ವರ್ಷಗಟ್ಟಲೆ ನಡೆದುಬಂದ ಒಂದು ಪ್ರೋಗ್ರಾಮ್ ಇದೆ. ಹೆಸರು, ಅಡ್ರೆಸ್ ಲೈನ್ 1, ಅಡ್ರೆಸ್ ಲೈನ್ 2, ಇ-ಮೇಲ್ ಕೇಳುವ ಫಾರ್ಮು ಅದು. ತುಂಬಿ ಒತ್ತಿದರೆ ವಿವರ ಮೈಎಸ್‌ಕ್ಯೂಎಲ್ ಟೇಬಲ್ಲಿಗೆ ಹೋಗಬೇಕು, ಹೆಸರು ಕೊಟ್ಟು ಹುಡುಕಿದರೆ ವಾಪಸು ಬರಬೇಕು. ಪರೀಕ್ಷೆಯಲ್ಲಿ ಚೀಟಿ ಎತ್ತಿದಾಗ ಅದೇ ಪ್ರೋಗ್ರಾಮ್ ಬಂದವರು ರೆಕಾರ್ಡಿನಲ್ಲಿ ಬರೆದದ್ದನ್ನು ಬಾಯಿಪಾಠದಿಂದ ಟೈಪಿಸಿ, ಔಟ್‌ಪುಟ್ ತೋರಿಸಿ, ವೈವಾ ಮುಗಿಸಿ ಹೊರಬರುತ್ತಾರೆ. ನನ್ನ ತಕರಾರು ಪ್ರೋಗ್ರಾಮಿನ ಮೇಲಲ್ಲ. ಬರೆದವರೇ ತುಂಬಿದ ಫಾರ್ಮು ಕೆಲಸ ಮಾಡಿತೆಂದು ಅಂಕ ಕೊಡುವ ಪದ್ಧತಿಯ ಮೇಲೆ. ವೆಬ್ ಅಪ್ಲಿಕೇಷನ್ ಎಂದರೆ ಪರರು ತುಂಬುವ ಫಾರ್ಮು. ಆ ಪರರೇ ಲ್ಯಾಬಿನಲ್ಲಿಲ್ಲ.

ತುಮಕೂರು–ಕುಣಿಗಲ್ ರಸ್ತೆಯ ಹೆಬ್ಬೂರಿನವರೊಬ್ಬರು ತುಂಬುತ್ತಾರೆಂದುಕೊಳ್ಳಿ. ‘ಹೆಬ್ಬೂರು’ ನಮ್ಮ ಕಣ್ಣಿಗೆ ಮೂರೇ ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಹ, ಎತ್ವ, ಬ, ವಿರಾಮ, ಮತ್ತೆ ಬ, ದೀರ್ಘ ಊತ್ವ, ರ, ಉತ್ವ ಸೇರಿ ಎಂಟು. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರರಂತೆ 24 ಬೈಟು. ಮೈಎಸ್‌ಕ್ಯೂಎಲ್ 8.0 ಬರುವವರೆಗೆ, ಅಂದರೆ 2018ರ ತನಕ, ಹೇಳದೇ ಬಿಟ್ಟರೆ ಟೇಬಲ್ಲು ಅಕ್ಷರಕ್ಕೆ ಒಂದೇ ಬೈಟು ಎಣಿಸುವ ಲ್ಯಾಟಿನ್-1 ಆಗಿರುತ್ತಿತ್ತು. ಅಂಥ ಟೇಬಲ್ಲಿನಲ್ಲಿ 20ರ ಕಾಲಂ ಇಟ್ಟು, ಸಂಪರ್ಕವೂ ಲ್ಯಾಟಿನ್-1ರಲ್ಲೇ ಉಳಿದು, ಸ್ಟ್ರಿಕ್ಟ್ ಮೋಡ್ ಇಲ್ಲದಿದ್ದರೆ ಊರು ‘ಹೆಬ್ಬೂ’ ಎಂದಾಗಿ, ‘ರು’ ಇರಬೇಕಾದಲ್ಲಿ ಒಂದು ಒಡೆದ ಗುರುತು ಉಳಿಯುತ್ತದೆ. ಎರರ್ ಬರುವುದಿಲ್ಲ, ಅಂಕ ಬರುತ್ತದೆ. ಇನ್ನು ಡಿಸೋಜ ಎಂಬವರು ಇಂಗ್ಲಿಷಿನಲ್ಲಿ ತಮ್ಮ ಹೆಸರಿಗೆ ರೂಢಿಯ ಒಂಟಿ ಕೋಟ್ ಹಾಕಿದರೆ, ಕ್ವೆರಿಗೆ ಹೆಸರನ್ನು ನೇರ ಅಂಟಿಸಿದ ಕೋಡು ಅಲ್ಲೇ ಮುರಿಯುತ್ತದೆ. ಅದೇ ಕಂಡಿಯಿಂದ ಬೇಕಾದವರು ಟೇಬಲ್ಲಿಗೆ ನುಗ್ಗಬಹುದು. ತುಂಬಿದ್ದನ್ನು ಕ್ವೆರಿಗೆ ಅಂಟಿಸದೆ ಬೇರೆಯಾಗಿ ಕಳಿಸುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಯಾಕೆ ಬೇಕೆಂದು ಒಂದು ಹೆಸರು ಕಲಿಸುವಷ್ಟನ್ನು ಒಂದು ಅಧ್ಯಾಯ ಕಲಿಸಲಾರದು.

ಅಡ್ರೆಸ್ ಲೈನುಗಳ ಕತೆ ಇನ್ನೂ ಸ್ವಾರಸ್ಯ. ಹೆಬ್ಬೂರು ತುಮಕೂರು ತಾಲ್ಲೂಕಿನ ಒಂದು ಹೋಬಳಿಯೂ ಹೌದು, ಊರೂ ಹೌದು. ರಾಜ್ಯದ ಭೂದಾಖಲೆ ತಾಣ ‘ಭೂಮಿ’ಯ ಪಹಣಿ ಪುಟ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಎಂದು ಮೆಟ್ಟಿಲು ಮೆಟ್ಟಿಲಾಗಿ ಕೇಳುತ್ತದೆ. ಒಂದು ಆಯ್ಕೆ ಮಾಡಿದ ಮೇಲೆ ಮುಂದಿನದು ತೆರೆದುಕೊಳ್ಳುವ ಆ ಪುಟದಲ್ಲಿ ಡೇಟಾಬೇಸ್ ವಿನ್ಯಾಸದ ಪಾಠ ಇಡಿಯಾಗಿ ಇದೆ. ಲ್ಯಾಬಿನ ಎರಡು ಲೈನುಗಳಲ್ಲಿ ಅಷ್ಟೂ ಸಂಬಂಧಗಳು ಕಲಸಿಹೋಗುತ್ತವೆ.

ಈ ಲ್ಯಾಬು ಮಾಡುವ ಎಂಸಿಎ ಕೋರ್ಸಿಗೆ ಬರುವವರೆಲ್ಲ ಕಂಪ್ಯೂಟರ್ ಓದಿ ಬಂದವರಲ್ಲ, ಮೊದಲು ಅಡಿಪಾಯ ಆಗಲಿ ಎನ್ನುವ ಮಾತಿದೆ. 2020–21ರಿಂದ ಕೋರ್ಸು ಮೂರರಿಂದ ಎರಡು ವರ್ಷಕ್ಕಿಳಿದ ಮೇಲೆ ಇದಕ್ಕೆ ತೂಕವೂ ಹೆಚ್ಚಿದೆ. ಒಪ್ಪುತ್ತೇನೆ; ಆದರೆ ಸಮಯ ಕಡಿಮೆ ಎಂದಮೇಲೆ ಹತ್ತು ಬಿಡಿ ಪ್ರೋಗ್ರಾಮಿಗಿಂತ ಒಂದನ್ನೇ ಸೆಮಿಸ್ಟರಿಡೀ ಬೆಳೆಸುವುದು ಅಗ್ಗ. ಕಂಪನಿಗಳು ಕೇಳುವ ರಿಯಾಕ್ಟ್, ಸ್ಪ್ರಿಂಗ್‌ಬೂಟ್ ಸೇರಿಸಿದರಾಯಿತು ಎನ್ನುವವರ ವಾದ ಇದಕ್ಕಿಂತ ದುರ್ಬಲ: ಸಿಲಬಸ್ಸಿಗೆ ಹೊಸ ಬಟ್ಟೆ ತೊಡಿಸಿದಷ್ಟೇ ಆಯಿತು, ಚೀಟಿ ಎತ್ತುವ ಪರೀಕ್ಷೆ ಹಾಗೇ ಉಳಿಯುತ್ತದೆ. ಗಟ್ಟಿ ಆಕ್ಷೇಪಣೆ ಬೇರೆಯದು, ಒಂದು ಬ್ಯಾಚನ್ನು ಒಂದೇ ದಿನ ನೋಡಿ ಮುಗಿಸಬೇಕಾದ ಪರೀಕ್ಷಕರದು. ಅವರಿಗೂ ಹೆಚ್ಚು ಹೊತ್ತೇನು ಬೇಡ. ಔಟ್‌ಪುಟ್ ತೋರಿಸಿದ ವಿದ್ಯಾರ್ಥಿಯನ್ನು ಪಕ್ಕಕ್ಕೆ ಸರಿಸಿ, ಕೀಬೋರ್ಡು ತಾವು ತೆಗೆದುಕೊಂಡು, ಊರಿನ ಜಾಗದಲ್ಲಿ ‘ಹೆಬ್ಬೂರು’ ಎಂದು ಕನ್ನಡದಲ್ಲಿ ಟೈಪಿಸಿ ಎಂಟರ್ ಒತ್ತಿದರೆ ಸಾಕು. ವೈವಾ ಅಲ್ಲಿಂದ ಶುರುವಾಗಲಿ.