ದಾಖಲೆಯ ಮೌನ: ಕಾಲಿಟನ್ ಅಧ್ಯಯನವೂ ನಮ್ಮ ವಿದ್ಯಾರ್ಥಿಗಳೂ

ಜನನ, ವಿವಾಹ, ಮರಣಗಳ ಹಳೆಯ ದಾಖಲೆಗಳನ್ನು ಆಧರಿಸಿ ಸಂಶೋಧನೆಗೆ ಹೊರಡುವ ವಿದ್ಯಾರ್ಥಿಗೆ ಮಾದರಿಯೆಂದು ಮೊದಲು ತೋರಿಸಲ್ಪಡುವ ಕೃತಿಗಳಲ್ಲಿ ಇ. ಎ. ರಿಗ್ಲಿಯವರು 1966ರಲ್ಲಿ ಪ್ರಕಟಿಸಿದ ಕಾಲಿಟನ್ ಊರಿನ ಅಧ್ಯಯನವೂ ಒಂದು. ಆ ಮನ್ನಣೆ ಅದಕ್ಕೆ ಸಲ್ಲತಕ್ಕದ್ದೇ. ಆದರೆ ಅನುಸರಿಸುವವರು ಫಲವನ್ನು ಮಾತ್ರ ಕೊಯ್ದುಕೊಂಡು ಬೇರನ್ನು ಮರೆಯುತ್ತಾರೆಂಬುದು ನಮ್ಮ ಆಕ್ಷೇಪ.

ಇಂಗ್ಲೆಂಡಿನ ಚರ್ಚುಗಳು ಇಂಥ ಪುಸ್ತಕಗಳನ್ನಿಡಬೇಕೆಂದು ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಆಜ್ಞೆ ಮಾಡಿದನು. ಅವುಗಳಲ್ಲಿ ಬರೆಯಲ್ಪಟ್ಟದ್ದು ಜನನವಲ್ಲ, ಜ್ಞಾನಸ್ನಾನ, ಮರಣವಲ್ಲ, ಶವಸಂಸ್ಕಾರ. ಈ ಭೇದವನ್ನು ಅಲ್ಪವೆಂದೆಣಿಸಲಾಗದು. ಹದಿನೇಳನೆಯ ಶತಮಾನದಲ್ಲಿ ಹುಟ್ಟಿಗೂ ಜ್ಞಾನಸ್ನಾನಕ್ಕೂ ನಡುವೆ ಕೆಲವೇ ದಿನಗಳಿದ್ದುದು, ಹದಿನೆಂಟರ ಕೊನೆಗೆ ಅನೇಕ ಕಡೆ ತಿಂಗಳವರೆಗೂ ಬೆಳೆಯಿತು. ಆ ಅವಧಿಯಲ್ಲಿ ಕಣ್ಮುಚ್ಚಿದ ಕೂಸು ಜ್ಞಾನಸ್ನಾನದ ಪುಟಕ್ಕೆ ಬಾರದೆಯೇ ಹೋಗಬಹುದು.

ಫ್ರಾನ್ಸಿನ ಲೂಯಿ ಆನ್ರಿ ರೂಪಿಸಿದ ಕುಟುಂಬಪುನರ್ರಚನೆಯ ಕ್ರಮವನ್ನು ರಿಗ್ಲಿಯವರು ಡೆವನ್ ಪ್ರಾಂತದ ಈ ಊರಿಗೆ ಅನ್ವಯಿಸಿದರು. 1645ರ ನವೆಂಬರಿನಿಂದ ಒಂದು ವರ್ಷದೊಳಗೆ ಪ್ಲೇಗಿನ ಹಾವಳಿಯಲ್ಲಿ 392 ಶವಸಂಸ್ಕಾರಗಳು ಅಲ್ಲಿ ದಾಖಲಾದುವು. ಊರಿನ ಸುಮಾರು ಐದರಲ್ಲೊಂದು ಪಾಲು ಜನ! ಅದಕ್ಕೆ ಮುಂಚೆ 27 ವರ್ಷವಿದ್ದ ಹೆಣ್ಣಿನ ಮೊದಲ ಮದುವೆಯ ಸರಾಸರಿ ವಯಸ್ಸು, 1647ರಿಂದ 1719ರ ಅವಧಿಯಲ್ಲಿ ಮೂವತ್ತರ ಸಮೀಪಕ್ಕೆ ಏರಿತು. ಮದುವೆಯಾದವರಲ್ಲಿಯೂ ಹೆರಿಗೆಗಳು ತಗ್ಗಿದುವು. ದಂಪತಿಗಳು ಬುದ್ಧಿಪೂರ್ವಕವಾಗಿಯೇ ಸಂತಾನವನ್ನು ಮಿತಗೊಳಿಸಿದರೆಂದು ರಿಗ್ಲಿಯವರು ನಿರ್ಣಯಿಸಿದರು.

ವಿದ್ಯಾರ್ಥಿಗಳ ಲೇಖನಗಳಲ್ಲಿ ಉದ್ಧೃತವಾಗುವುದು ಈ ನಿರ್ಣಯ. ಅದಕ್ಕೂ ಮಿಗಿಲಾದ ಸತ್ತ್ವವಿರುವುದು ಎಣಿಕೆಯ ನಿಯಮದಲ್ಲಿ ಎಂದು ನಮ್ಮ ಅಭಿಪ್ರಾಯ. ದಂಪತಿಗಳ ಮದುವೆಯ ದಿನವೂ, ಅವರಲ್ಲೊಬ್ಬರ ಮರಣದಿಂದ ಆ ದಾಂಪತ್ಯ ಮುಗಿದ ದಿನವೂ ತಿಳಿದಿದ್ದರೆ ಮಾತ್ರ ಆ ಕುಟುಂಬ ಪೂರ್ತಿಯಾಗಿ ಲೆಕ್ಕಕ್ಕೆ ಬರುತ್ತದೆ. ಹೆಸರು ಕಾಣದಿರುವುದಕ್ಕೆ ಹೆರಿಗೆಯಾಗದಿರುವುದೇ ಕಾರಣವೆನ್ನಲಾಗದು. ಆ ಸಂಸಾರ ಪಕ್ಕದ ಊರಿಗೆ ಹೋಗಿರಬಹುದು. ಈ ನಿಯಮವನ್ನು ಬಿಟ್ಟು, ವರ್ಷವರ್ಷದ ಜ್ಞಾನಸ್ನಾನಗಳನ್ನು ಕೂಡಿ, ವಿವಾಹಗಳಿಂದ ಭಾಗಿಸಿ, ಬಂದ ಅಂಕಿಯನ್ನು ಸಂತಾನಶಕ್ತಿಯೆಂದು ಕರೆಯುವ ಪ್ರಬಂಧಗಳನ್ನು ನಾವು ಕಂಡಿದ್ದೇವೆ. ಅವುಗಳಲ್ಲಿ ಶ್ರಮವೇನೋ ಇದೆ, ಪ್ರಮಾಣವಿಲ್ಲ.

ಆದರೆ ನಿಯಮಕ್ಕೂ ಬೆಲೆ ತೆರಬೇಕಾಗುತ್ತದೆ. ಊರುಬಿಟ್ಟವರೆಲ್ಲ ಜಾರಿಹೋಗಿ, ನೆಲೆನಿಂತವರ ಚರಿತ್ರೆಯೇ ಊರಿನ ಚರಿತ್ರೆಯಾಗುತ್ತದೆ. ಕೂಲಿಗಾಗಿ ಅಲೆದವರ ಬಾಳು ಉಳಿದವರ ಬಾಳಿನಂತೆಯೇ ಇದ್ದಿತೆಂದು ಹೇಳುವವರಾರು? 1978ರಲ್ಲಿ ಆರ್. ಬಿ. ಮಾರೋ ಅವರು ರಿಗ್ಲಿಯವರ ನಿರ್ಣಯವನ್ನೇ ಪ್ರಶ್ನಿಸಿದರು. ರಿಗ್ಲಿಯವರು ಅದೇ ವರ್ಷ ಉತ್ತರವಿತ್ತರು. ಮುಂದೆ ಪಮೇಲ ಶಾರ್ಪ್ ಅವರು ಬೇರೆ ಬಗೆಯ ದಾಖಲೆಗಳನ್ನೂ ಜೋಡಿಸಿ, ಕಸೂತಿಪಟ್ಟಿ ಹೆಣೆದು ಜೀವಿಸುತ್ತಿದ್ದ ಅಲ್ಲಿಯ ಹೆಂಗಸರ ದುಡಿಮೆಯನ್ನು ಕಣ್ಣೆದುರಿಗೆ ತಂದರು. ತಡವಾದ ಮದುವೆಯ ಹಿಂದೆ ಇದ್ದ ಈ ಬದುಕನ್ನು ಚರ್ಚಿನ ಪುಸ್ತಕವೊಂದೇ ಎಂದಿಗೂ ಹೇಳುತ್ತಿರಲಿಲ್ಲ. ಅವರ 2002ರ ಗ್ರಂಥವನ್ನು ರಿಗ್ಲಿಯವರ ಲೇಖನದೊಡನೆಯೇ ಓದಿಸುವುದು ಅಧ್ಯಾಪಕರಿಗೆ ನಮ್ಮ ಬಿನ್ನಹ.

ಈ ಕ್ರಮವನ್ನು ನಮ್ಮ ನಾಡಿಗೆ ತರಬಯಸುವವರಿಗೆ ತೊಡಕುಗಳು ಬೇರೆ. ಭಾರತದಲ್ಲಿ 1886ರ ಕಾಯಿದೆಯ ನೋಂದಣಿ ಐಚ್ಛಿಕವಾಗಿದ್ದಿತು. ಜನನಮರಣಗಳ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಡ್ಡಾಯದ ಶಾಸನ ಬಂದದ್ದು 1969ರಲ್ಲಿ. ತಾತನ ಹೆಸರನ್ನು ಮೊಮ್ಮಗನಿಗಿಡುವ ರೂಢಿಯಿಂದ, ವಯಸ್ಸು ಬರೆಯದ ಪಟ್ಟಿಯಲ್ಲಿ ಇಬ್ಬರು ಒಬ್ಬರಾಗಿಬಿಡುತ್ತಾರೆ. ಶ್ರವಣಬೆಳಗೊಳದ ನಿಸಿದಿಗಳು ಮರಣವನ್ನು ದಾಖಲಿಸುತ್ತವೆ, ನಿಜ. ಆದರೆ ಸಲ್ಲೇಖನದಿಂದ ಮುಡಿಪಿದವರ, ಅದರಲ್ಲಿಯೂ ಕಲ್ಲು ನಿಲ್ಲಿಸುವ ಬಂಧುಗಳೋ ಶಿಷ್ಯರೋ ಇದ್ದವರ ಮರಣವನ್ನು. ಎತ್ತನ್ನೇರಿ ಊರೂರಿಗೆ ಬಂದು ಮನೆತನಗಳ ವಂಶಾವಳಿಯನ್ನು ಹೇಳುವ ಹೆಳವರ ಸಂಗ್ರಹ ನಮಗೆ ಇನ್ನೂ ಹತ್ತಿರದ್ದು. ಅದನ್ನು ಬರೆದಿಟ್ಟುಕೊಳ್ಳುವ ವಿದ್ಯಾರ್ಥಿ, ಹೆಸರುಗಳ ಸಾಲಿಗೆ ಮುಂಚೆ, ಆ ಹೆಳವನನ್ನು ಒಂದು ಮಾತು ಕೇಳಿಕೊಂಡರೆ ಒಳ್ಳೆಯದು: ಹೆಣ್ಣುಮಕ್ಕಳನ್ನೂ ಎಳವೆಯಲ್ಲಿ ತೀರಿಕೊಂಡ ಕೂಸುಗಳನ್ನೂ ಅವನ ಹಿರಿಯರು ಪಟ್ಟಿಗೆ ಸೇರಿಸುತ್ತಿದ್ದರೇ, ಇಲ್ಲವೇ?