ಕಬ್ಬಿನ ರಸ್ತೆಗೆ ಸುಗ್ಗಿಯ ಸೂತ್ರ

ಚಳಿಗಾಲದ ರಸ್ತೆ ನಿರ್ವಹಣೆ ಎಂದರೆ ಶೀತದೇಶಗಳಲ್ಲಿ ಹಿಮ ತೆಗೆಯುವ ಕೆಲಸ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಹಿಮವಿಲ್ಲ, ಕಬ್ಬಿದೆ. ಮಳೆ ನಿಂತು ಡಾಂಬರು ಕೆಲಸಕ್ಕೆ ಅನುಕೂಲವಾಗುವ ತಿಂಗಳುಗಳಲ್ಲೇ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುತ್ತವೆ. ಕಾಲುವೆ ನೀರುಣ್ಣುವ ಎರೆಮಣ್ಣು ಆಗಿನ್ನೂ ಹಸಿ. ಭಾರ ಹೊರುವ ಅದರ ಬಲ ಕಡಿಮೆ.

ಹಳ್ಳಿ ರಸ್ತೆಯ ದಪ್ಪವನ್ನು ನಿರ್ಧರಿಸಲು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಎಸ್.ಪಿ. 72 ಕೈಪಿಡಿ ಇದೆ (2007, ಪರಿಷ್ಕರಣೆ 2015). ಸುಗ್ಗಿಯ ಸಂಚಾರವನ್ನು ಅದು ಮರೆತಿಲ್ಲ, ಮೆಚ್ಚಬೇಕಾದ ಮಾತು. ಸುಗ್ಗಿಯಲ್ಲದ ದಿನದ ವಾಣಿಜ್ಯ ವಾಹನಗಳು 'ವ', ಸುಗ್ಗಿಯ ಉತ್ತುಂಗದಲ್ಲಿ ಹೆಚ್ಚುವುದು ಅದರ 'ಹ' ಪಟ್ಟು, ಸುಗ್ಗಿಯ ಅವಧಿ 'ದ' ದಿನ ಎಂದಿಟ್ಟುಕೊಳ್ಳಿ. ವರ್ಷದ ಸರಾಸರಿ ಹೀಗೆ:

ವ + (1.2 × ಹ × ವ × ದ ÷ 365)

ಈ 1.2 ಎಲ್ಲಿಂದ ಬಂತು? ವರ್ಷಕ್ಕೆ ಎರಡು ಸುಗ್ಗಿ. ಪ್ರತಿಯೊಂದರಲ್ಲೂ ಸಂಚಾರ ಏರಿ, ಸ್ವಲ್ಪ ಕಾಲ ನಿಂತು, ನಿಧಾನವಾಗಿ ಇಳಿಯುತ್ತದೆ. ಆ ಆಕೃತಿಯ ವಿಸ್ತೀರ್ಣ 0.6, ಎರಡಕ್ಕೆ 1.2. ಜೋಳ, ಕಡಲೆಗೆ ಇದು ಸರಿ. ಕಬ್ಬಿಗಲ್ಲ. ಕಾರ್ಖಾನೆ ತನ್ನ ಸಾಮರ್ಥ್ಯಕ್ಕೆ ತಕ್ಕಂತೆ ತಿಂಗಳುಗಟ್ಟಲೆ ಒಂದೇ ಸಮನೆ ಕಬ್ಬು ಎಳೆದುಕೊಳ್ಳುತ್ತದೆ.

ಲೆಕ್ಕಕ್ಕಾಗಿ ವ = 40, ಹ = 2, ದ = 75 ಎನ್ನಿ. ಸರಾಸರಿ 60 ವಾಹನ. ಅದೇ 80 ಹೆಚ್ಚುವರಿ ವಾಹನಗಳು 140 ದಿನ ಸತತವಾಗಿ ಓಡಿದರೆ 71. ವ್ಯತ್ಯಾಸ ದೊಡ್ಡದಲ್ಲ. ನಿಜವಾದ ಪೆಟ್ಟು ಭಾರದ್ದು. 1958–60ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ನಡೆದ ಪ್ರಯೋಗದಿಂದ ತಿಳಿದಂತೆ, ರಸ್ತೆಯ ಹಾನಿ ಅಚ್ಚಿನ ಭಾರದ ಸುಮಾರು ನಾಲ್ಕನೇ ಘಾತದಲ್ಲಿ ಏರುತ್ತದೆ. ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಪ್ರತಿ ಅಚ್ಚಿಗೂ ಕಾಲು ಪಾಲು ಹೆಚ್ಚು ಹೇರಿದರೆ ಹಾನಿ 2.44 ಪಟ್ಟು. ಆಗ ನಮ್ಮ 71 ವಾಹನಗಳು 115ಕ್ಕೆ ಸಮ. ಹತ್ತು ವರ್ಷಕ್ಕೆಂದು ಮಾಡಿದ ರಸ್ತೆ ಐದರ ಆಸುಪಾಸಿನಲ್ಲೇ ಸವೆಯುತ್ತದೆ.

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ (2000) ಗುತ್ತಿಗೆದಾರನ ನಿರ್ವಹಣೆಯ ಹೊಣೆಯೂ ಐದೇ ವರ್ಷ! ಅಲ್ಲಿಂದಾಚೆ ಗುಂಡಿ ಮುಚ್ಚುವ ಖರ್ಚು ರಾಜ್ಯದ್ದು. ವಿನ್ಯಾಸದಲ್ಲಿ ಉಳಿಸಿದ ಹಣ ನಿರ್ವಹಣೆಯ ಲೆಕ್ಕದಲ್ಲಿ ಹೊರಬರುತ್ತದೆ. ಎರಡು ಲೆಕ್ಕಗಳೂ ಬೇರೆ ಬೇರೆ ಕಡತಗಳಲ್ಲಿರುವುದರಿಂದ ಯಾರ ಕಣ್ಣಿಗೂ ಬೀಳದು.

ಅಮೆರಿಕದ ಮಿನೆಸೋಟದಲ್ಲಿ ವಸಂತದ ಹಿಮ ಕರಗಿ ನೆಲ ಮೆತ್ತಗಾಗುವ ವಾರಗಳಲ್ಲಿ ಅಚ್ಚಿನ ಭಾರಕ್ಕೆ ಮಿತಿ ಹಾಕುತ್ತಾರೆ. ಇಲ್ಲಿ ಹಾಗೆ ಕಬ್ಬು ನಿಲ್ಲಿಸಲಾಗದು, ಕಡಿದ ಕಬ್ಬು ಒಣಗುತ್ತದೆ. ಆದರೆ ಕಾರ್ಖಾನೆಯ ತೂಕದ ಸೇತುವೆಯಲ್ಲಿ ಪ್ರತಿ ಗಾಡಿಯ ಭಾರವೂ ದಾಖಲಾಗುತ್ತದೆ. ಆ ಅಂಕಿಗಳನ್ನು ವಿನ್ಯಾಸಕ್ಕೆ ಏಕೆ ಬಳಸಬಾರದು? ನಿಮ್ಮ ಶಾಲೆಯ ಮುಂದಿನ ರಸ್ತೆಯಲ್ಲಿ ಸೆಪ್ಟೆಂಬರಿನ ಒಂದು ದಿನ, ಜನವರಿಯ ಒಂದು ದಿನ ವಾಹನ ಎಣಿಸಿ, ಮೇಲಿನ ಸೂತ್ರಕ್ಕೆ ಹಾಕಿ ನೋಡಿ.