ಬೀಜಕ್ಕೆ ಬಿಟ್ಟ ಕಾಯಿ

ನಮ್ಮ ಹಿತ್ತಲಿನ ಹೀರೆಯ ಚಪ್ಪರದಲ್ಲಿ, ಮೂಡಣ ಗೂಟಕ್ಕೆ ಅನತಿದೂರದಲ್ಲಿ ಜೋತುಬಿದ್ದಿರುವ ಕಾಯಿಯೊಂದರ ತೊಟ್ಟಿಗೆ ಈ ವಾರ ಕೆಂಪು ನೂಲು ಕಟ್ಟಿದುದಾಯಿತು. ಬಳ್ಳಿಯ ಕಾಯಿಗಳಲ್ಲೆಲ್ಲ ಅದೇ ನೀಳವಾದುದು. ಅದರ ಏಣುಗಳು ತಿದ್ದಿ ತೀಡಿದಂತಿವೆ. ಹುಳುವಿನ ಚುಚ್ಚಾಗಲಿ ಸೊಟ್ಟಾಗಲಿ ಅದರ ಮೈಮೇಲೆ ಎಲ್ಲಿಯೂ ಇಲ್ಲ. ಬಾಣಲೆಗೆ ಸಲ್ಲತಕ್ಕ ಸಕಲ ಲಕ್ಷಣಗಳಿಂದಲೂ ಕೂಡಿದ ಅದನ್ನೇ ಆರಿಸಿ, ಇದು ಬೀಜಕ್ಕೆಂದು ಬಿಟ್ಟದ್ದು, ಯಾರೂ ಮುಟ್ಟಕೂಡದು ಎಂದು ಮನೆಯಲ್ಲಿ ಸಾರಿದಾಗ, ಅಡುಗೆಮನೆಯಿಂದ ಹೊರಟ ನಿಟ್ಟುಸಿರನ್ನು ನಾನು ಕೇಳಿಸಿಕೊಳ್ಳಲಿಲ್ಲವೆಂದೇ ಭಾವಿಸಬೇಕು.

ಕೊಯ್ಯುವುದಕ್ಕೊಂದು ಮುಹೂರ್ತವುಂಟೆಂಬುದನ್ನು ಹಿತ್ತಲುಳ್ಳವರೆಲ್ಲ ಬಲ್ಲರು. ಎಳೆಹಳದಿಯ ಬಟ್ಟಲಿನ ತಳದಲ್ಲಿ ಕಡುಗೆಂಪನ್ನಿಟ್ಟುಕೊಂಡು ಬೆಳಗ್ಗೆ ಅರಳಿದ ಬೆಂಡೆಯ ಹೂ ಅಂದಿನ ಸಂಜೆಗೇ ಮುದುಡಿದ ಬಳಿಕ, ಐದಾರು ದಿನಗಳೊಳಗೆ ಕಾಯಿಯನ್ನು ಕೊಯ್ದರೆ ಕೊಯ್ದ ಹಾಗೆ. ತುದಿಯನ್ನು ಹೆಬ್ಬೆರಳಿನಿಂದ ಬಾಗಿಸಿದೊಡನೆ ಚಟ್ಟೆಂದು ಮುರಿದರೆ ಅದು ಪಲ್ಯಕ್ಕೆ ಯೋಗ್ಯ, ಮುರಿಯದೆ ಬಳುಕಿದರೆ ನಾರು ಕಟ್ಟಿತೆಂದೇ ಅರ್ಥ. ಬದನೆಯ ಮೈಯ ಮಿರುಗು ಮಾಸಿತೆಂದರೆ ಒಳಗಣ ಬೀಜ ಗಟ್ಟಿಯಾಗುತ್ತಿದೆಯೆಂದು ತಿಳಿಯಬೇಕು. ಕೊತ್ತಂಬರಿಯಾದರೋ ಬಿಸಿಲೇರಿದಂತೆಲ್ಲ ತನ್ನ ಅಗಲವಾದ ಎಲೆಯನ್ನು ತೊರೆದು, ಸಬ್ಬಸಿಗೆಯಂತಹ ಎಳೆಎಳೆಯ ಎಲೆಗಳನ್ನು ತಳೆದು ಹೂಕಡ್ಡಿ ಎತ್ತುವುದು. ಆಮೇಲೆ ಅದರಿಂದ ಸಾರಿಗೆ ಪರಿಮಳವನ್ನು ಬೇಡುವುದು ವ್ಯರ್ಥ. ಸಂತೆಯಿಂದ ತಂದ ತರಕಾರಿಗೆ ಈ ಮುಹೂರ್ತವನ್ನು ಬೇರೊಬ್ಬರು ನಿಶ್ಚಯಿಸಿರುತ್ತಾರೆ. ಹಿತ್ತಲಿನಲ್ಲಿ ಅದನ್ನು ನಿಶ್ಚಯಿಸುವ ಸುಖ ನಮ್ಮದೇ.

ಆದರೆ ಈ ಸುಖದಲ್ಲಿಯೇ ಮುಳುಗಿದವನು ಅರ್ಧ ತೋಟಗಾರನೆಂದು ನನಗನಿಸುವುದುಂಟು. ಎಳೆಯದನ್ನೆಲ್ಲ ತಾನು ತಿಂದು, ಕಣ್ತಪ್ಪಿ ಬಲಿತುಹೋದ ಸೊಟ್ಟಕಾಯಿಯನ್ನು, ಋತುವಿನ ಕೊನೆಯಲ್ಲಿ ಬಳ್ಳಿ ಬಡವಾದ ಮೇಲೆ ಬಿಟ್ಟ ಗಿಡ್ಡಕಾಯಿಯನ್ನು ಬೀಜಕ್ಕಿಡುವವನು ಮುಂದಿನ ವರ್ಷವೂ ಅಂತಹುದನ್ನೇ ಬರಮಾಡಿಕೊಂಡಂತಾಯಿತು. ಬಳ್ಳಿ ಸೊಕ್ಕಿರುವಾಗ ಮೊದಮೊದಲು ಬಿಟ್ಟ, ನಾಲಗೆ ಅತ್ಯಂತ ಆಶೆಪಡುವ ಕಾಯಿಯನ್ನೇ ಬಿಡಬೇಕೆಂಬುದು ಹಿರಿಯರ ನಿಯಮ. ಉತ್ತಮವಾದುದನ್ನು ತಿನ್ನದೆ ಉಳಿಸುವ ಈ ಸಂಯಮದ ಮೇಲೆಯೇ ವರ್ಷವೆಲ್ಲ ಉತ್ತಮವಾದುದನ್ನು ತಿನ್ನುವ ಭಾಗ್ಯ ನಿಂತಿದೆ.

ಆ ನಿಯಮವನ್ನು ಪಾಲಿಸಿಯೂ ನಾನು ಹೋದ ವರ್ಷ ಸೋತುದುಂಟು. ನಾನೆರಡು ದಿನ ಊರಲ್ಲಿಲ್ಲದಾಗ ಬಂದಿದ್ದ ನನ್ನ ನಾದಿನಿ, ಉಪಕಾರಬುದ್ಧಿಯಿಂದಲೇ, ಬೀಜಕ್ಕೆ ಬಿಟ್ಟಿದ್ದ ಕಾಯಿಯನ್ನು ಕಿತ್ತು, “ಭಾವ, ಇನ್ನೆರಡು ದಿನ ಹೋಗಿದ್ದರೆ ನಾರಾಗಿಬಿಡುತ್ತಿತ್ತು, ನಿಮ್ಮ ಕಣ್ಣಿಗೆ ಬಿದ್ದೇ ಇಲ್ಲವಲ್ಲ!” ಎಂದು ತಟ್ಟೆಗೆ ಬಜ್ಜಿಯನ್ನೂ, ಸಿಪ್ಪೆಯ ಚಟ್ನಿಯನ್ನೂ ಬಡಿಸಿದಳು. ಏಳು ವರ್ಷ ಕಾಪಾಡಿಕೊಂಡು ಬಂದ ವಂಶವೊಂದು ಕಡಲೆಹಿಟ್ಟಿನ ಅಂಗಿ ತೊಟ್ಟು ಎದುರಿಗೆ ಕುಳಿತಿತ್ತು. ನಾನು ಮಾತಾಡದೆ ತಿಂದೆ. ಬಜ್ಜಿ ಬಹಳ ಚೆನ್ನಾಗಿತ್ತೆಂಬುದು ನನ್ನ ದುಃಖವನ್ನು ಹೆಚ್ಚಿಸಿತು.

ಹೀರೆಯ ಹೂ ಹೊತ್ತಿಳಿದ ಮೇಲೆಯೇ ಕಣ್ದೆರೆಯತಕ್ಕದ್ದು. ಗಂಡುಹೂಗಳು ಗೊಂಚಲುಗೊಂಚಲಾಗಿಯೂ, ಹೆಣ್ಣುಹೂ ತನ್ನ ಬೆನ್ನಿಗೆ ಪುಟ್ಟದೊಂದು ಹೀರೆಯನ್ನು ಕಟ್ಟಿಕೊಂಡು ಒಂಟಿಯಾಗಿಯೂ ಅರಳುವುವು. ದುಂಬಿಗಳ ಸುಳಿವಿಲ್ಲದ ಸಂಜೆ ನಾವೇ ಗಂಡುಹೂವನ್ನು ಕಿತ್ತು ಅದರ ಪರಾಗವನ್ನು ಹೆಣ್ಣುಹೂವಿಗೆ ಸವರುವುದುಂಟು. ಹಾಗೆ ಕಟ್ಟಿದ ಕಾಯಿ ಹಸುರಳಿದು, ಹಳದಿಗೆ ತಿರುಗಿ, ಕೊನೆಗೆ ಕಂದುಬಣ್ಣದ ಒಣ ತೊಗಟೆಯಾಗಿ ಅಲುಗಿಸಿದರೆ ಗಿಲಕಿಯಂತೆ ಸದ್ದು ಮಾಡುವವರೆಗೆ ಕಾಯಬೇಕು. ಆಗ ಅದರ ತುದಿಯಲ್ಲಿರುವ ಚಿಕ್ಕ ಮುಚ್ಚಳವೊಂದು ತಾನಾಗಿಯೇ ಕಳಚಿಬಿದ್ದು, ಒಳಗಣ ನಾರಿನ ಮೂರು ಕೋಣೆಗಳಿಂದ ಕರಿಯ ಚಪ್ಪಟೆ ಬೀಜಗಳು ಒಂದೊಂದಾಗಿ ಕೆಳಕ್ಕುದುರುವುದನ್ನು ನೋಡಿದವರಿಗೆ, ತಲೆಕೆಳಗಾಗಿ ತೂಗುವುದರಲ್ಲಿಯೂ ಒಂದು ಉಪಾಯವಿದೆಯೆಂದು ತೋರದಿರದು. ಉದುರಿದುದನ್ನು ನೆರಳಿನಲ್ಲಿ ಆರಿಸಿ, ಒಲೆಯ ಬೂದಿಯೊಡನೆ ಬೆರೆಸಿಟ್ಟರೆ ಬೀಜದ ಕಾರ್ಯ ಮುಗಿಯಿತು. ಉಳಿದ ನಾರು ಬಚ್ಚಲುಮನೆಗೆ ಸಲ್ಲುವುದು.

ಎಲ್ಲ ಸಸ್ಯಗಳಿಗೂ ಇದೇ ಧರ್ಮವೆಂದಲ್ಲ. ಪುದೀನ, ದೊಡ್ಡಪತ್ರೆಗಳಿಗೆ ಬೀಜದ ಗೊಡವೆಯೇ ಇಲ್ಲ. ಒಂದು ಕಡ್ಡಿಯನ್ನೂರಿದರೆ ಸಾಕು. ತಂಬುಳಿಯ ಒಂದೆಲಗ ನೆಲದ ಮೇಲೆ ಹಂಬು ಹರಿಸಿ, ಗಿಣ್ಣುಗಿಣ್ಣಿಗೂ ಬೇರುಬಿಟ್ಟು, ಬಚ್ಚಲುನೀರು ಹರಿದ ದಾರಿಯಲ್ಲೆಲ್ಲ ತಾನೂ ಹರಿಯುವುದು. ಕರಿಬೇವಿನ ಬೀಜ ಬೇಗನೆ ಜೀವಗುಂದುವುದರಿಂದ, ಹಣ್ಣು ಕಪ್ಪಾದೊಡನೆ ತಿರುಳು ತೆಗೆದು ಬಿತ್ತತಕ್ಕದ್ದು. ಎಲ್ಲಕ್ಕಿಂತ ವಿಚಿತ್ರವಾದುದು ಸೀಮೆಬದನೆ. ಮೆಕ್ಸಿಕೋ ಸೀಮೆಯ ಈ ಬಳ್ಳಿಯನ್ನು ಬೆಂಗಳೂರಿಗೆ ಪರಿಚಯಿಸಿದವರು 1874ರಿಂದ 1908ರವರೆಗೆ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮೆರಾನ್; ತಮಿಳರು ಇಂದಿಗೂ ಅದನ್ನು ಬೆಂಗಳೂರಿನ ಬದನೆಯೆಂದೇ ಕರೆಯುತ್ತಾರೆ. ಅದರ ಒಂಟಿ ಬೀಜ ಕಾಯಿಯೊಳಗೇ ಮೊಳೆಯುವುದಾದುದರಿಂದ ಇಡಿಯ ಕಾಯಿಯನ್ನೇ ನೆಡಬೇಕು. ಹುಳಿಗೋ ಮಣ್ಣಿಗೋ ಎಂಬ ಪ್ರಶ್ನೆಗೆ ಅದರ ವಿಷಯದಲ್ಲಿ ರಾಜಿಯ ಉತ್ತರವಿಲ್ಲ.

ಕಾಯಿಯೊಂದನ್ನು ಬಿಡುವ ಈ ಸಣ್ಣ ಸಂಯಮ ತಲೆಮಾರುಗಳ ಕಾಲ ನಡೆದರೆ ಏನಾಗುವುದೆಂಬುದಕ್ಕೆ ಉಡುಪಿಯ ಬಳಿಯ ಮಟ್ಟುವಿನ ಗುಳ್ಳವೇ ಸಾಕ್ಷಿ. ಸೋದೆಯ ವಾದಿರಾಜರು ಅದರ ಬೀಜವನ್ನು ಅನುಗ್ರಹಿಸಿದರೆಂಬುದು ಅಲ್ಲಿನವರ ನಂಬಿಕೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಬೀಜ ಯಾರ ಅನುಗ್ರಹದಿಂದ ಬಂದಿದ್ದರೂ, ವರ್ಷವರ್ಷವೂ ಒಳ್ಳೆಯ ಗುಳ್ಳವನ್ನು ಹಳದಿಯಾಗುವವರೆಗೆ ಗಿಡದಲ್ಲಿಯೇ ಬಿಟ್ಟ ಕೈಗಳು ಆ ಊರಿನವು. ಇಂದು ಅಂಗಡಿಯ ಹೊಳೆಯುವ ಪೊಟ್ಟಣದಲ್ಲಿ ಬರುವ ಹೈಬ್ರಿಡ್ ಬೀಜ ಮೊದಲ ಬೆಳೆಯಲ್ಲಿ ಕೊಡುವ ಸಮೃದ್ಧಿಯನ್ನು ನಾನು ಅಲ್ಲಗಳೆಯೆನು. ಆದರೆ ಅದರ ಕಾಯಿಯನ್ನು ಬೀಜಕ್ಕೆ ಬಿಟ್ಟರೆ ಹುಟ್ಟಿದ ಮಕ್ಕಳಲ್ಲಿ ಒಂದೊಂದಕ್ಕೆ ಒಂದೊಂದು ಗುಣವಾಗಿ ತಾಯಿಯ ರೂಪ ಕೆಡುವುದು. ಆದುದರಿಂದ ಬೀಜವುಳಿಸಬೇಕೆಂಬ ಮನಸ್ಸುಳ್ಳವರು ನಾಟಿ ತಳಿಯಿಂದಲೇ ಪ್ರಾರಂಭಿಸುವುದು ಲೇಸು.

ನನ್ನ ಹೀರೆಯ ವಂಶ ಬಜ್ಜಿಯಲ್ಲಿ ಕೊನೆಗೊಂಡಿತೆಂದು ನಾನು ಆಶೆಬಿಟ್ಟಿದ್ದೆ. ಈ ಸಲ ಮುಂಗಾರಿಗೆ ಮೊದಲು ಅದೇ ನಾದಿನಿ ಬಂದವಳು ಸೆರಗಿನ ಗಂಟನ್ನು ಬಿಚ್ಚಿ ಪತ್ರಿಕೆಯ ಚೂರಿನ ಪೊಟ್ಟಣವೊಂದನ್ನು ನನ್ನ ಕೈಗಿಟ್ಟಳು; ಒಳಗೆ ಹದಿನಾಲ್ಕು ಕರಿಯ ಬೀಜ. ನಾಲ್ಕು ವರ್ಷದ ಹಿಂದೆ ನಾನೇ ಅವಳಿಗೆ ಕೊಟ್ಟು ಮರೆತಿದ್ದ ಹಿಡಿ ಬೀಜದ ಸಂತತಿಯಂತೆ ಅದು. ಬೀಜವಿಡಲು ಬೂದಿಯ ಕರಡಿಗೆಗಿಂತ ಭದ್ರವಾದ ತಾವು ನೆಂಟರ ಹಿತ್ತಲು ಎಂಬುದು ಹೀಗೆ ನನಗೆ ತಿಳಿಯಿತು. ಪೊಟ್ಟಣಕ್ಕೆ ಅವಳು ಸುತ್ತಿ ತಂದಿದ್ದ ಕೆಂಪು ನೂಲೇ ಈಗ ಚಪ್ಪರದಲ್ಲಿರುವುದು.